ಕಾನ್‌ಸ್ಟನ್ಸ್ ಸ್ಪ್ರೈ ವಿನ್ಯಾಸದ ಹೂದಾನಿ
ಫುಲ್ಹಮ್ ಪಾಟರಿ, ಲಂಡನ್. 1930ರ ದಶಕ. ಹೊಳಪಿಲ್ಲದ ಬಿಳಿ ಮೈಯ ಸುಟ್ಟ ಮಣ್ಣು.

ಬ್ರಿಟನ್ನಿನ ಪುಷ್ಪವಿನ್ಯಾಸಕಿ ಕಾನ್‌ಸ್ಟನ್ಸ್ ಸ್ಪ್ರೈ (1886–1960) ತಮ್ಮ ಹೂಜೋಡಣೆಗೆಂದೇ ರೂಪಿಸಿದ ಹೂದಾನಿಗಳಲ್ಲಿ ಇದೂ ಒಂದು. ಕಿರಿದಾದ ಕೊರಳಿನ ಪಾತ್ರೆಯಲ್ಲಿ ಹೂಗಳು ಇಕ್ಕಟ್ಟಾಗಿ ನಿಲ್ಲುತ್ತಿದ್ದುದರಿಂದ, ಅವು ಗಿಡದಲ್ಲಿದ್ದಂತೆಯೇ ಬಾಗಿ, ಬಳುಕಿ, ಅಂಚಿನಾಚೆಗೂ ಇಳಿಬೀಳಲೆಂದು ಇದಕ್ಕೆ ದೋಣಿಯ ಆಕಾರವನ್ನು ಕೊಡಲಾಗಿದೆ.

ಇದರ ಅಗಲವಾದ ಬಾಯಿಯನ್ನು ಗಮನಿಸಿ. ಕೋಳಿಗೂಡಿಗೆ ಬಳಸುವ ತಂತಿಬಲೆಯನ್ನು ಮುದುಡಿ ಇದರೊಳಗೆ ತುರುಕಿದರೆ, ಪ್ರತಿಯೊಂದು ತೊಟ್ಟೂ ತನಗೆ ಬೇಕಾದ ಓರೆಯಲ್ಲಿ ನಿಲ್ಲುತ್ತದೆ. ಮೇಲಿನ ಎಲೆಗಳು ಬಲೆಯನ್ನು ಮರೆಮಾಡುತ್ತವೆ.

1929ರಲ್ಲಿ ಲಂಡನ್ನಿನಲ್ಲಿ ಹೂವಿನ ಅಂಗಡಿ ತೆರೆದ ಸ್ಪ್ರೈ, ದುಬಾರಿ ಹೂಗಳ ಜೊತೆಗೆ ಬೇಲಿಯ ಕಾಡುಬಳ್ಳಿ, ಒಣಗಿದ ಬೀಜದ ಗೊಂಚಲು, ಕಾಯಿಗಳ ರೆಂಬೆ, ಕೊನೆಗೆ ಅಡುಗೆಗೆ ಬಳಸುವ ಕೇಲ್ ಸೊಪ್ಪನ್ನೂ ಸೇರಿಸಿದರು. ಸೌಂದರ್ಯವನ್ನು ಬೆಲೆಯಿಂದ ಬೇರ್ಪಡಿಸಿದ ಈ ಧೈರ್ಯವೇ ಅವರ ಅತಿ ದೊಡ್ಡ ಕೊಡುಗೆ. 1953ರಲ್ಲಿ ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಹೂವಿನ ಅಲಂಕಾರದ ಹೊಣೆಯೂ ಅವರ ಪಾಲಿಗೆ ಬಂದಿತು.

ಆಯಾ ಋತುವಿನ ಸ್ಥಳೀಯ ಹೂಗಳನ್ನೇ ಆರಿಸಿ, ಅವುಗಳ ಸಹಜ ಬಾಗನ್ನು ಉಳಿಸಿಕೊಳ್ಳುವ ಇಂದಿನ ವಿನ್ಯಾಸಕರು ಅವರ ದಾರಿಯಲ್ಲಿಯೇ ನಡೆಯುತ್ತಿದ್ದು, ತೊಟ್ಟು ಚುಚ್ಚುವ ಪ್ಲಾಸ್ಟಿಕ್ ಫೋಮ್ ಬಿಟ್ಟು ತಂತಿಬಲೆಗೆ ಮರಳುತ್ತಿದ್ದಾರೆ.