ಒಂದೇ ಹೊಳೆಯ ಬೆಳಕು: ಅಬಾಲಾಲ್ ರಹಿಮಾನ್ ಮತ್ತು ಕೃಷ್ಣಾ ಸೀಮೆಯ ಜಲದೃಶ್ಯ ಚಿತ್ರಗಳು

ಕೊಲ್ಹಾಪುರದ ಪಂಚಗಂಗೆ ನರಸೋಬಾ ವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆ ನೀರೇ ಮುಂದೆ ಚಿಕ್ಕೋಡಿ, ಕಾಗವಾಡ, ರಾಯಬಾಗ, ಅಥಣಿ ಸೀಮೆಗಳನ್ನು ಹಾಯುತ್ತದೆ. ನಿಪ್ಪಾಣಿ ಕಡೆಯ ವೇದಗಂಗೆಯೂ ದೂಧಗಂಗೆಯೊಡನೆ ಬೆರೆತು ಇದೇ ಹೊಳೆಯನ್ನು ಸೇರುತ್ತದೆ. ಈ ಜಲದಾರಿಯ ಮೇಲ್ಭಾಗದಲ್ಲಿ ಬದುಕಿದ ಅಬಾಲಾಲ್ ರಹಿಮಾನ್ (ಸು. 1860–1931) ಅವರನ್ನು ಭಾರತದ ಮೊದಲ ಇಂಪ್ರೆಷನಿಸ್ಟ್ ಚಿತ್ರಕಾರರ ಸಾಲಿನಲ್ಲಿ ಮರಾಠಿ ಕಲಾವಿಮರ್ಶೆ ಇರಿಸಿದೆ. ಅವರ ಜಲದೃಶ್ಯಗಳು ನಮ್ಮ ಸೀಮೆಯ ಕಲಾ ಇತಿಹಾಸಕ್ಕೂ ಸೇರಿದವು ಎಂಬುದು ಈ ಲೇಖನದ ವಾದ.

ಈ ನಂಟು ಬರೀ ನೀರಿನದಲ್ಲ. ರಾಯಬಾಗವು ಕೊಲ್ಹಾಪುರ ಸಂಸ್ಥಾನದ ಆಡಳಿತಕ್ಕೆ ಒಳಪಟ್ಟಿತ್ತು. 1949ರಲ್ಲಿ ಸಂಸ್ಥಾನ ವಿಲೀನವಾಯಿತು. ಅಬಾಲಾಲರಿಗೆ ಆಶ್ರಯವಿತ್ತ ಶಾಹು ಮಹಾರಾಜರು (ಆಳ್ವಿಕೆ 1894–1922) ರಾಯಬಾಗದ ಜನರಿಗೂ ದೊರೆ.

ಅಬಾಲಾಲರು 1880ರ ದಶಕದಲ್ಲಿ ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು. ಕಟ್ಟುನಿಟ್ಟಾದ ರೇಖಾಭ್ಯಾಸ, ನೆರಳು-ಬೆಳಕಿನ ನಿಖರ ಲೆಕ್ಕ ಅಲ್ಲಿಯ ಪದ್ಧತಿ. ಆ ಶಿಸ್ತಿನಲ್ಲಿ ಪಳಗಿದ ಕೈ ಊರಿಗೆ ಮರಳಿದ ಮೇಲೆ ಬಯಲಿಗೆ ಇಳಿಯಿತು. ಕೊಲ್ಹಾಪುರದ ಕೋಟಿತೀರ್ಥ, ರಂಕಾಳ ಕೆರೆಗಳು, ಪಂಚಗಂಗೆಯ ದಂಡೆ ಅವರ ನಿತ್ಯದ ತಾಣಗಳಾದವು.

ಅವರ ಹೆಸರಾಂತ ಕೃತಿಗಳಲ್ಲಿ ರಂಕಾಳ ಕೆರೆಯ ಸಂಧ್ಯಾಮಠದ ಚಿತ್ರವೊಂದು. ನೀರೊಳಗೆ ನಿಂತ ಈ ಹಳೆಯ ಕಲ್ಲುಕಟ್ಟಡ ಕೆರೆ ತುಂಬಿದಾಗ ಮುಳುಗುತ್ತದೆ, ನೀರಿಳಿದಾಗ ಮತ್ತೆ ತಲೆ ಎತ್ತುತ್ತದೆ. ಮುಂಜಾವಿನಲ್ಲಿ ಕಂಡ ಕಲ್ಲಿನ ಬಣ್ಣ ಹೊತ್ತೇರಿದಾಗ ಇರುವುದಿಲ್ಲ. ಅಲೆ ಕದಲಿದರೆ ಪ್ರತಿಬಿಂಬ ಚೂರುಚೂರಾಗುತ್ತದೆ. ಇಂಥದ್ದನ್ನು ಹಿಡಿಯಲು ಅಂಚು ಎಳೆದು ಬಣ್ಣ ತುಂಬುವ ಕ್ರಮ ಸಾಲದು. ಬಿಡಿಬಿಡಿ ಕುಂಚಸ್ಪರ್ಶ ಬೇಕು, ನೆರಳಿನೊಳಗೂ ಬಣ್ಣ ಕಾಣುವ ಕಣ್ಣು ಬೇಕು. ಅಬಾಲಾಲರು ಮುಂದೆ ಬರೆದ ನಿಸರ್ಗಚಿತ್ರಗಳಲ್ಲಿ ಕಾಣುವುದು ಈ ಕಣ್ಣೇ.

ಇದೇ ಬಗೆಯಲ್ಲಿ ಫ್ರಾನ್ಸಿನಲ್ಲಿ ಚಿತ್ರಕಾರ ಕ್ಲೋದ್ ಮೊನೆ 1871ರಿಂದ 1878ರವರೆಗೆ ಸೇನ್ ನದಿಯ ದಡದ ಅರ್ಜಾಂತೆಯ್ ಊರಿನಲ್ಲಿದ್ದು, ದೋಣಿಯನ್ನೇ ಚಿತ್ರಶಾಲೆ ಮಾಡಿಕೊಂಡು ನೀರನ್ನು ಬರೆದರು. 1874ರ ಪ್ಯಾರಿಸ್ ಪ್ರದರ್ಶನದಲ್ಲಿಟ್ಟ ಅವರ ಸೂರ್ಯೋದಯದ ಚಿತ್ರದಿಂದಲೇ ಪಂಥಕ್ಕೆ ಇಂಪ್ರೆಷನಿಸಂ ಎಂಬ ಹೆಸರು ಬಂತು. ಅಬಾಲಾಲರ ಬೆನ್ನಿಗೆ ಅಂಥ ಗುಂಪಾಗಲಿ ಪ್ರದರ್ಶನವಾಗಲಿ ಇರಲಿಲ್ಲ. ತಮ್ಮೂರಿನ ಅದೇ ನೀರಿನ ಬಳಿಗೆ ಬೇರೆ ಬೇರೆ ಹೊತ್ತಿನಲ್ಲಿ ಮರಳಿ ಮರಳಿ ಹೋದದ್ದೇ ಅವರನ್ನು ಈ ಶೈಲಿಗೆ ತಂದಿತು. ಆದ್ದರಿಂದ ಅವರನ್ನು ಪ್ಯಾರಿಸಿನ ಅನುಯಾಯಿ ಎನ್ನುವುದಕ್ಕಿಂತ ತನ್ನ ಊರ ಬೆಳಕಿನ ಶಿಷ್ಯ ಎನ್ನುವುದೇ ಸರಿ.

1922ರಲ್ಲಿ ಶಾಹು ಮಹಾರಾಜರು ತೀರಿಕೊಂಡದ್ದು ಅಬಾಲಾಲರಿಗೆ ದೊಡ್ಡ ಪೆಟ್ಟು. ಆ ದುಃಖದಲ್ಲಿ ಅವರು ತಮ್ಮ ಅನೇಕ ಚಿತ್ರಗಳನ್ನು ತಾವೇ ನಾಶಮಾಡಿದರೆಂಬ ಮಾತು ಕೊಲ್ಹಾಪುರದಲ್ಲಿ ಉಳಿದು ಬಂದಿದೆ. 1931ರಲ್ಲಿ ಅವರು ನಿಧನರಾದರು. ಆದರೆ ನಿಸರ್ಗದ ಎದುರು ಕುಳಿತು ಬರೆಯುವ ರೂಢಿ ಈ ಭಾಗದಲ್ಲಿ ನಿಲ್ಲಲಿಲ್ಲ. ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ (1890–1954) ಮೊದಲಾದವರಿಂದ ಚಿತ್ರಕಾರರ ಪರಂಪರೆ ಬೆಳೆಯಿತು. ಇತ್ತ ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರ ಕಲಾಶಾಲೆ ‘ಚಿತ್ರಮಂದಿರ’ ಹಲವು ತಲೆಮಾರುಗಳನ್ನು ತಿದ್ದಿತು. ಚಿತ್ರಕಾರ ರವಿ ಪರಾಂಜಪೆ (1935–2022) ಅಲ್ಲಿ ಕಲಿತವರೇ.

ಅಬಾಲಾಲರ ಚಿತ್ರಗಳನ್ನು ಕೊಲ್ಹಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು. ನಿಪ್ಪಾಣಿಯಿಂದ ಅದು ಸುಮಾರು 40 ಕಿಲೋಮೀಟರ್, ಒಂದು ದಿನದಲ್ಲಿ ಹೋಗಿ ಬರುವ ದಾರಿ. ನಮ್ಮ ಚಿತ್ರಕಲಾ ಶಿಕ್ಷಕರು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ. ಮರುದಿನ ಅದೇ ಮಕ್ಕಳನ್ನು ಯಡೂರಿನ ಕೃಷ್ಣಾ ದಂಡೆಯಲ್ಲೋ ಕುಡಚಿಯ ಸೇತುವೆಯ ಬಳಿಯೋ ಹಾಳೆ, ಬಣ್ಣ ಕೊಟ್ಟು ಕೂರಿಸಲಿ. ಅಬಾಲಾಲರಿಗೆ ಸಲ್ಲಿಸಬಹುದಾದ ನಿಜವಾದ ಗೌರವ ಅದು.