ಅಣ್ವಸ್ತ್ರವುಳ್ಳ ವೈರಿಯ ಮೇಲೆ ದಂಡೆತ್ತಬಹುದೇ?

ಗಡಿಯಲ್ಲಿ ಗುಂಡಿನ ಸದ್ದಾದಾಗಲೆಲ್ಲ ಆರ್.ಕೆ.ಪುರಂನ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಯಿದು. ಉತ್ತರ ಹುಡುಕಲು ತುಮಕೂರು ಸೀಮೆಯಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣನವರ ಕಾಲಕ್ಕೆ ಹೋಗಬೇಕು.

1981ರ ಜೂನ್ 7ರಂದು ಇಸ್ರೇಲಿ ವಿಮಾನಗಳು ಇರಾಕಿನ ಒಸಿರಾಕ್ ಅಣುಸ್ಥಾವರವನ್ನು ಕೆಡವಿದವು. ಬಾಂಬು ಸಿದ್ಧವಾಗುವ ಮೊದಲೇ ಪಾಕಿಸ್ತಾನದ ಕಹೂಟಾಕ್ಕೂ ಅದೇ ಗತಿ ಕಾಣಿಸಬೇಕೆಂಬ ಮಾತು ದಿಲ್ಲಿಯಲ್ಲಿಯೂ ಹುಟ್ಟಿತು. 1983ರಲ್ಲಿ ವಿಯೆನ್ನಾದಲ್ಲಿ ಪಾಕಿಸ್ತಾನದ ಅಣುಶಕ್ತಿ ಆಯೋಗದ ಮುನೀರ್ ಅಹ್ಮದ್ ಖಾನರು, ಕಹೂಟಾವನ್ನು ಮುಟ್ಟಿದರೆ ಟ್ರಾಂಬೆಯೂ ಉಳಿಯದೆಂದು ರಾಮಣ್ಣನವರನ್ನು ಎಚ್ಚರಿಸಿದರೆಂದು ಇತಿಹಾಸಕಾರರು ಬರೆದಿದ್ದಾರೆ. ಟ್ರಾಂಬೆಯ ಮಗ್ಗುಲಲ್ಲೇ ಮುಂಬಯಿ! ದಾಳಿ ನಡೆಯಲಿಲ್ಲ. 1988ರ ಡಿಸೆಂಬರ್ 31ರಂದು, ಪರಸ್ಪರ ಅಣುಸ್ಥಾವರಗಳ ಮೇಲೆ ಕೈಮಾಡಬಾರದೆಂಬ ಒಪ್ಪಂದವಾಯಿತು. 1992ರಿಂದ ಪ್ರತಿ ಜನವರಿ 1ರಂದು ಉಭಯರೂ ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತ ಬಂದಿದ್ದಾರೆ.

1998ರಲ್ಲಿ ಎರಡೂ ದೇಶಗಳು ಅಣುಬಾಂಬು ಸಿಡಿಸಿದವು. ಮರುವರ್ಷವೇ ಕಾರ್ಗಿಲ್. ನಮ್ಮ 527 ಯೋಧರು ಮಡಿದರು. ಆದರೂ ವಿಮಾನಗಳು ನಿಯಂತ್ರಣ ರೇಖೆಯನ್ನು ದಾಟಕೂಡದೆಂದು ವಾಜಪೇಯಿ ಸರಕಾರ ಕಟ್ಟಪ್ಪಣೆ ಮಾಡಿತ್ತು. 2019ರಲ್ಲಿ ಬಾಲಾಕೋಟ್‌ಗಾಗಿ ಆ ಗೆರೆಯನ್ನು ದಾಟಲಾಯಿತು. 2025ರ ಮೇ 7ರಂದು ಆರಂಭವಾದ ಕಾಳಗ 10ಕ್ಕೆ ನಿಂತಿತು.

ಮನೆಗೆ ನುಗ್ಗಿದವರನ್ನು ಹೊರಗಟ್ಟುವುದು ನ್ಯಾಯವೆಂದೇ ನಾವು ತಿಳಿದಿದ್ದೇವೆ. ಎದುರಾಳಿಯಲ್ಲಿ ಅಣುಬಾಂಬು ಇದೆಯೆಂದು ಆ ಹಕ್ಕು ಅಳಿಯದು. ಆದರೆ ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದ ದಂಡಯಾತ್ರೆಯನ್ನು ನಾವು ಒಪ್ಪಲಾರೆವು. ಮುಂಬಯಿಯಲ್ಲೂ ದಿಲ್ಲಿಯಲ್ಲೂ ನಮ್ಮ ಮಕ್ಕಳಿದ್ದಾರೆ. ಲಾಹೋರಿನಲ್ಲಿಯೂ ಯಾರದೋ ಮಕ್ಕಳಿದ್ದಾರೆ.