ಹತ್ತನೆಯ ತರಗತಿಯ ಆಚೆಗೆ: ಅಂಗವಿಕಲ ವಿದ್ಯಾರ್ಥಿಗಳಿಗೆ ತೆರೆದ ಬಾಗಿಲುಗಳು

ಉಮ್ಮತ್ತೂರಿನ ಇತಿಹಾಸ ಎಂದೊಡನೆ ನಮಗೆ ಪಾಳೆಯಗಾರರು, ಕೃಷ್ಣದೇವರಾಯನ ದಂಡಯಾತ್ರೆ ನೆನಪಾಗುತ್ತವೆ. ಶಾಲೆಯ ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಇನ್ನೊಂದು ಇತಿಹಾಸವನ್ನೂ ನೋಡೋಣ. ಕಣ್ಣು ಕಾಣದ, ಕಿವಿ ಕೇಳದ, ನಡೆಯಲು ಕಷ್ಟವಿರುವ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿ ನಂತರದ ಓದು ಹೇಗೆ ದಕ್ಕಿತು?

ನಮ್ಮ ಭಾಗದಲ್ಲಿ ಈ ಕಥೆ ಮೈಸೂರಿನಿಂದ ಶುರುವಾಗುತ್ತದೆ. 1997ರವರೆಗೆ ಚಾಮರಾಜನಗರವೂ ಆ ಜಿಲ್ಲೆಗೇ ಸೇರಿತ್ತು. 1901ರಲ್ಲಿ ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಆರಂಭವಾಯಿತು. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಒಂದೇ ಬಗೆಯ ಬ್ರೈಲ್ ಲಿಪಿ ನಿಗದಿಯಾಗಿ, ಕನ್ನಡಕ್ಕೂ ಬಂತು. 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿತು. ಇಷ್ಟಾದರೂ ಕಾಲೇಜು ಸೇರುವುದು ಆಯಾ ವಿದ್ಯಾರ್ಥಿಯ ಛಲ, ಮನೆಯವರ ಆಸರೆ ಮತ್ತು ಪ್ರಾಂಶುಪಾಲರ ದಯೆಯನ್ನು ಅವಲಂಬಿಸಿತ್ತು. 1991ರಲ್ಲಿ ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠವು ಮೈಸೂರಿನಲ್ಲಿ ಅಂಗವಿಕಲರಿಗೆಂದೇ ಪಾಲಿಟೆಕ್ನಿಕ್ ತೆರೆಯಿತು. ಎಸ್‌ಎಸ್‌ಎಲ್‌ಸಿ ಆದವರಿಗೆ ಡಿಪ್ಲೊಮಾ ದಾರಿ ಸಿಕ್ಕಿತು. ಡಿಪ್ಲೊಮಾ ಮುಗಿಸಿದವರು ಬಿಇ ಎರಡನೆಯ ವರ್ಷಕ್ಕೇ ಸೇರಲು ಅವಕಾಶವಿದೆ.

ದಯೆಯನ್ನು ಹಕ್ಕಾಗಿ ಮಾಡಿದ್ದು ಕಾನೂನು. 1995ರ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 3 ಸೀಟು ಮೀಸಲಿಟ್ಟಿತು. 2016ರ ಕಾಯ್ದೆ ಉನ್ನತ ಶಿಕ್ಷಣದಲ್ಲಿ ಅದನ್ನು ಕನಿಷ್ಠ ಶೇ 5ಕ್ಕೆ ಏರಿಸಿ, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ ಕೊಟ್ಟಿತು. ಗುರುತಿಸಿದ ಅಂಗವೈಕಲ್ಯಗಳು 7ರಿಂದ 21ಕ್ಕೆ ಏರಿದವು. ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದ್ದವರಿಗೆ ಈ ಮೀಸಲಾತಿ ಸಿಗುತ್ತದೆ. ಪರೀಕ್ಷೆ ಬರೆಯಲು ಸಹಾಯಕರು ಮತ್ತು ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರ 2013ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು.

ಆದರೆ ಕಾನೂನು ತಾನಾಗಿ ಊರಿಗೆ ಬರುವುದಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರವೋ ಯುಡಿಐಡಿ ಕಾರ್ಡೋ ಇಲ್ಲದಿದ್ದರೆ ಸೀಟೂ ಇಲ್ಲ, ವಿದ್ಯಾರ್ಥಿವೇತನವೂ ಇಲ್ಲ. ಫಲಿತಾಂಶ ಬಂದ ಮೇಲೆ ಓಡಾಡಿದರೆ ಪ್ರವೇಶದ ದಿನಾಂಕ ದಾಟಿರುತ್ತದೆ. ಎಂಟನೆಯ ತರಗತಿಯಲ್ಲೇ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಆ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ತಂತ್ರಾಂಶದ ಕೆಲಸದಲ್ಲಿರುವವನಾಗಿ ಇನ್ನೊಂದು ಮಾತು. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಆರಂಭಿಸಿದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ, ಕಂಪ್ಯೂಟರ್ ಪರದೆಯ ಮೇಲಿನ ಕನ್ನಡವನ್ನೂ ಗಟ್ಟಿಯಾಗಿ ಓದುತ್ತದೆ. ಆದರೆ ಯೂನಿಕೋಡ್‌ನಲ್ಲಿರುವ ಕನ್ನಡವನ್ನು ಮಾತ್ರ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ನೋಟ್ಸನ್ನು, ಮೊಬೈಲಿನಲ್ಲಿ ತೆಗೆದ ಪುಟದ ಫೋಟೋವನ್ನು ಅದು ಓದಲಾರದು. ಗುರುಗಳು ನೋಟ್ಸನ್ನು ಯೂನಿಕೋಡ್‌ನಲ್ಲಿ ಟೈಪು ಮಾಡಿಸಿದರೆ, ಖರ್ಚಿಲ್ಲದೆ ಒಂದು ಮಗುವಿನ ಕೈಗೆ ಪುಸ್ತಕ ಕೊಟ್ಟಂತೆ. ಹಳೆಯ ನೋಟ್ಸನ್ನು ಬದಲಾಯಿಸಿಕೊಡಲು ನಮ್ಮಂಥ ಹಳೆಯ ವಿದ್ಯಾರ್ಥಿಗಳು ಸಿದ್ಧರಿದ್ದೇವೆ.